ಮೂರನೆಯ ಹೆಸರು

ಅವನ ನಿಜವಾದ ಹೆಸರು ಸರ್ವೀಸ್ ಪುಸ್ತಕದಲ್ಲಿ ಮಾತ್ರ ಇತ್ತು. ಟ್ರಾನ್ಸ್‌ಮಿಟರ್ ಹಾಲಿನಲ್ಲಿ, ಕ್ಯಾಂಟೀನಿನಲ್ಲಿ, ಕೊನೆಗೆ ಗೇಟಿನ ವಾಚ್‌ಮನ್ ಬಾಯಲ್ಲೂ ಅವನು ‘ಒಂಬತ್ತು ಸೆಕೆಂಡು’. ಈ ಅಡ್ಡಹೆಸರು ಪುಕ್ಕಟೆ ಬಂದದ್ದಲ್ಲ. ಮುನ್ನೂರು ಕಿಲೋವ್ಯಾಟಿನ ಆ ರೇಡಿಯೋ ಸ್ಟೇಷನ್ನು ಇಪ್ಪತ್ತಾರು ವರ್ಷದಲ್ಲಿ ಅವನ ಡ್ಯೂಟಿಯ ಹೊತ್ತಿಗೆ ಒಂದೇ ಒಂದು ಸಲವೂ ಒಂಬತ್ತು ಸೆಕೆಂಡಿಗಿಂತ ಹೆಚ್ಚು ಬಾಯಿ ಮುಚ್ಚಿರಲಿಲ್ಲ. ಸಿಡಿಲು ಹೊಡೆಯಲಿ, ಕರೆಂಟು ಕೈಕೊಡಲಿ, ಮಶೀನು ತಟ್ಟನೆ ನಿಂತರೆ ಎಂಟು ಸೆಕೆಂಡು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡು, ‘ನಾನು ರೆಡಿ’ ಅಂತ ಒಂದು ಹಸಿರು ದೀಪ ಹಚ್ಚುತ್ತಿತ್ತು. ದೀಪ ಹತ್ತಿದ್ದೇ ತಡ, ಇವನ ಬಲಗೈ ಗುಂಡಿ ಒತ್ತಿರುತ್ತಿತ್ತು. ಊಟದ ಡಬ್ಬಿ ಬಿಚ್ಚಿ ಕೂತಿದ್ದರೂ ಸರಿ, ಯಾರ ಜೊತೆಗೋ ವಾದಕ್ಕೆ ಬಿದ್ದಿದ್ದರೂ ಸರಿ. ವಾದ ನಿಲ್ಲುತ್ತಿರಲಿಲ್ಲ, ಕೈ ತನ್ನ ಪಾಡಿಗೆ ಹೋಗಿ ಒತ್ತಿ ವಾಪಸ್ಸು ಬರುತ್ತಿತ್ತು.

“ಆ ಕೈಗೆ ಬೇರೆಯೇ ಸಂಬಳ ಕೊಡಬೇಕು ಕಣ್ರೀ,” ಅಂತ ಡೀಸೆಲ್ ಜನರೇಟರ್ ನೋಡಿಕೊಳ್ಳುವ ಮೀಸೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಆಗ ನಗಬಹುದಾಗಿತ್ತು.

ದಿನವಿಡೀ ರೇಡಿಯೋ ಸ್ಟೇಷನ್ನಿನಲ್ಲಿ ದುಡಿದ ಮನುಷ್ಯ ಮನೆಗೆ ಬಂದು ಏನು ಮಾಡಬೇಕು? ಒಂದಿಷ್ಟು ಕಾಲು ಚಾಚಿಕೊಂಡು ಬಿದ್ದಿರಬೇಕು. ಇವನು ಮಾತ್ರ ಮತ್ತೆ ರೇಡಿಯೋ ಮುಂದೆಯೇ ಕೂರುತ್ತಿದ್ದ. ದೂರದ ಸ್ಟೇಷನ್ನುಗಳನ್ನು ಹುಡುಕಿ ಕೇಳುವ ಚಟ. ಮೀಡಿಯಂ ವೇವ್ ಹಗಲಲ್ಲಿ ಅಕ್ಕಪಕ್ಕದ ಊರಿಗೆ ಹೋಗುವಷ್ಟರಲ್ಲಿ ಸುಸ್ತಾಗುತ್ತದೆ. ಹೊತ್ತು ಮುಳುಗಿದ ಮೇಲೆ ಅದೇ ಅಲೆ ಸಮುದ್ರ ದಾಟಿ ಬರುತ್ತದೆ. ಹಾಗೆ ಬಂದ ಸ್ಟೇಷನ್ನು ಯಾವುದು, ಎಷ್ಟು ಹೊತ್ತಿಗೆ ಏನು ಹೇಳಿತು, ಎಷ್ಟು ಸ್ಪಷ್ಟವಾಗಿತ್ತು, ಮಧ್ಯೆ ಏನು ಅಡ್ಡ ಬಂತು ಅಂತ ಬರೆದು ಆ ಸ್ಟೇಷನ್ನಿಗೇ ವರದಿ ಕಳಿಸಬೇಕು. ಅವರು ತಾಳೆ ನೋಡಿ, ‘ಹೌದು, ನೀವು ಕೇಳಿದ್ದು ನಮ್ಮನ್ನೇ’ ಅಂತ ಒಂದು ಕಾರ್ಡು ಕಳಿಸುತ್ತಾರೆ. ಈ ಜನಕ್ಕೆ ಅದೇ ಪದಕ, ಅದೇ ಕಿರೀಟ. ವರದಿಯಲ್ಲಿ ಸುಳ್ಳು ಬರೆಯಬಾರದು ಅನ್ನುವುದೊಂದೇ ಅವರ ನೇಮ. ಕೇಳಿದ್ದನ್ನು ಕೇಳಿದೆ ಅನ್ನಬೇಕು, ಕೇಳದ್ದನ್ನು ಕೇಳಲಿಲ್ಲ ಅನ್ನಬೇಕು.

“ಬೇರೆಯವರ ಗಂಡಂದಿರು ಕುಡೀತಾರೆ, ಇಸ್ಪೀಟು ಆಡ್ತಾರೆ. ನಮ್ಮನೇವ್ರು ಕೊರಕೊರ ಸದ್ದು ಕೇಳ್ತಾರೆ,” ಅಂತ ಹೆಂಡತಿ ನೆರೆಮನೆಯವರ ಮುಂದೆ ಹೇಳಿ ನಗಿಸುತ್ತಿದ್ದಳು. ಆದರೆ ಕಾರ್ಡುಗಳನ್ನು ನಡುಮನೆಯ ಗೋಡೆಗೆ ಸಾಲಾಗಿ ಅಂಟಿಸಿದವಳು ಅವಳೇ.

ಆ ಗೋಡೆಯ ಕಾರ್ಡುಗಳಲ್ಲಿ ಒಂದರ ಮೇಲೆ ದೀಪಸ್ತಂಭದ ಚಿತ್ರವಿತ್ತು. ಸಮುದ್ರದಾಚೆಯ ಒಂದು ದ್ವೀಪದ ಪುಟ್ಟ ಸ್ಟೇಷನ್ನು. ತಮಾಷೆ ಏನೆಂದರೆ, ಅದು ಇವನ ಸ್ಟೇಷನ್ನಿನ ತರಂಗದ ಮೇಲೇ ಕೂತಿತ್ತು. ಇಂಥಾ ಭಾರಿ ಸ್ಟೇಷನ್ನು ಅರಚುತ್ತಿರುವಾಗ ಅದರಡಿಯ ಪಿಸುಮಾತು ಯಾರಿಗೆ ಕೇಳೀತು? ತಿಂಗಳಿಗೊಮ್ಮೆ, ಮೊದಲ ಭಾನುವಾರ ಸಂಜೆ, ರಿಪೇರಿಗೆ ಅಂತ ಒಂದು ಗಂಟೆ ದೊಡ್ಡ ಸ್ಟೇಷನ್ನು ಬಂದ್ ಆಗುತ್ತಿತ್ತು. ಆಗ ಮಾತ್ರ ದ್ವೀಪದ ದನಿ ಮೇಲೆದ್ದು ಬರುತ್ತಿತ್ತು. ಮಗಳು ಏಳು ವರ್ಷದವಳಿದ್ದಾಗ ಆ ಕಾರ್ಡು ಬಂದಿತ್ತು. ಗೋಡೆ ಹತ್ತಿರ ಸ್ಟೂಲು ಎಳೆದುಕೊಂಡು ನಿಂತು ದೀಪಸ್ತಂಭವನ್ನು ದಿಟ್ಟಿಸುತ್ತಿದ್ದಳು. ಇಪ್ಪತ್ನಾಲ್ಕಕ್ಕೆ ನರ್ಸಿಂಗ್ ಮುಗಿಸಿ, ಜಗತ್ತಿನಲ್ಲಿ ಅಷ್ಟೊಂದು ಆಸ್ಪತ್ರೆಗಳಿರುವಾಗ, ಆ ದ್ವೀಪದ ಬಂದರು ಆಸ್ಪತ್ರೆಗೇ ಅರ್ಜಿ ಹಾಕಿದಳು.

“ನಿಮ್ಮ ಕಾರ್ಡೇ ಅವಳನ್ನ ಕರ್ಕೊಂಡು ಹೋಯ್ತು ನೋಡಿ,” ಅಂದಿದ್ದಳು ಹೆಂಡತಿ, ಅರ್ಧ ತಮಾಷೆಗೆ. ಆಮೇಲೆ ಪ್ರತಿ ಮೊದಲ ಭಾನುವಾರ ರೇಡಿಯೋ ಮುಂದೆ ಮೊದಲು ಕೂರುತ್ತಿದ್ದವಳೂ ಅವಳೇ. “ಅಲ್ಲಿ ಮಳೆಯಂತೆ. ಕೊಡೆ ತಗೊಂಡು ಹೋಗಿರ್ತಾಳೋ ಇಲ್ಲವೋ, ಮಹಾರಾಯ್ತಿ.” ಹವಾಮಾನ ವರದಿ ಕೇಳಿ ಮಗಳನ್ನೇ ನೋಡಿದಷ್ಟು ಸಮಾಧಾನ ಆಗುತ್ತಿತ್ತು ಅವಳಿಗೆ.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ದ್ವೀಪದಲ್ಲಿ ಕಾಳಗ ಶುರುವಾಯಿತು.

ಯಾರು ಯಾರ ಮೇಲೆ ಯಾತಕ್ಕೆ ಗುಂಡು ಹಾರಿಸಿದರು ಅನ್ನುವುದು ಬಿಡಿ, ಪತ್ರಿಕೆಯವರಿಗೇ ಗೊತ್ತಿರಲಿಲ್ಲ. ಫೋನು ಸತ್ತಿತು, ಅಂಚೆ ನಿಂತಿತು. ಬಂದರಿಗೆ ಬೆಂಕಿ ಬಿದ್ದಿದೆ ಅನ್ನುವ ಒಂದು ಸಾಲು ಸುದ್ದಿ, ಆಮೇಲೆ ಅದೂ ಇಲ್ಲ. ಗಂಡ ಹೆಂಡತಿ ಸರಕಾರಿ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದರು. ಹೋದಲ್ಲೆಲ್ಲ ಒಂದು ಫಾರಂ ಕೊಟ್ಟರು. ತುಂಬಿ ಕೊಟ್ಟರೆ ಇನ್ನೊಂದು ಫಾರಂ ಕೊಟ್ಟರು.

ಹದಿನೇಳನೆಯ ದಿನ ಕಂಪೌಂಡರ್ ಫೋನು ಮಾಡಿದ. ದೂರದ ಊರಿನ ಔಷಧಿ ಅಂಗಡಿಯವನು, ಇವನ ಹಾಗೇ ರೇಡಿಯೋ ಹುಚ್ಚ. ಮುಖ ನೋಡದೆ ಬರೀ ಕಾಗದದಲ್ಲಿ ಹತ್ತು ವರ್ಷದ ಗೆಳೆತನ.

“ಕೇಳಿಸ್ಕೋ. ನಿನ್ನ ದ್ವೀಪದ ಸ್ಟೇಷನ್ನು ಇನ್ನೂ ಬದುಕಿದೆ. ಜನರೇಟರ್ ಮೇಲೆ ಓಡಿಸ್ತಿದಾರೆ ಅನ್ಸುತ್ತೆ. ದಿನಾ ಸಂಜೆ ಆರೂ ಇಪ್ಪತ್ತಕ್ಕೆ, ಬದುಕಿರೋರ ಹೆಸರು ಓದ್ತಿದಾರೆ. ಬೀದಿ ಬೀದಿ ಲೆಕ್ಕದಲ್ಲಿ.”

ಅವನು ಪೆನ್ಸಿಲು ಎಳೆದುಕೊಂಡ. “ಆಸ್ಪತ್ರೆ?”

“ಬರೋ ಗುರುವಾರ ಆಸ್ಪತ್ರೆ, ಸ್ಕೂಲು ಓದ್ತೀವಿ ಅಂದ್ರು. ಅಷ್ಟು ಕೇಳಿಸ್ತು. ಮೂರು ಮಾತಲ್ಲಿ ಒಂದು ಸಿಕ್ಕರೆ ನನ್ನ ಪುಣ್ಯ. ನಿನ್ನ ಆ ದರಿದ್ರ ಸ್ಟೇಷನ್ನು ಇಷ್ಟು ದೂರ ಬಂದೂ ನನ್ನ ಕಿವಿ ಮೇಲೆ ಕೂತಿದೆ! ಒಂದರ್ಧ ಗಂಟೆ ಅದರ ಬಾಯಿ ಮುಚ್ಚಿಸೋಕಾಗಲ್ವೇನಯ್ಯ ನಿನಗೆ?”

ಅವತ್ತು ಮಂಗಳವಾರ. ರಿಪೇರಿಯ ಭಾನುವಾರಕ್ಕೆ ಇನ್ನೂ ಹನ್ನೆರಡು ದಿನವಿತ್ತು.

ಬುಧವಾರ ಬೆಳಿಗ್ಗೆ ಅವನು ಸಾಹೇಬರ ಮುಂದೆ ನಿಂತ. ಇಪ್ಪತ್ತಾರು ವರ್ಷದಲ್ಲಿ ಏನನ್ನೂ ಕೇಳದವನು, ಇಪ್ಪತ್ತು ನಿಮಿಷ ಕೇಳಿದ. ಸಾಹೇಬರು ಕೆಟ್ಟವರಲ್ಲ, ಕುರ್ಚಿ ಕೊಟ್ಟರು, ನೀರು ತರಿಸಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು ಕೂಡ. ಆಮೇಲೆ, “ನಾಳೆ ಆರು ಗಂಟೆಗೆ ಮಂತ್ರಿಗಳ ಭಾಷಣ ಇದೆಯಲ್ರೀ. ನನ್ನ ಕೈಯಲ್ಲೇನಿದೆ? ಹೆಡ್ ಆಫೀಸಿಗೆ ಬರೀತೀನಿ, ಒಂದು ಅರ್ಜಿ ಕೊಡಿ,” ಅಂದರು. ಮತ್ತೊಂದು ಫಾರಂ! ಅವನು ಎದ್ದು ಬಂದ.

ಆ ರಾತ್ರಿ ಊಟದ ತಟ್ಟೆ ಮುಂದೆ ಹೆಂಡತಿಗೆ ಹೇಳಿದ. “ನಾಳೆ ಆರೂ ಕಾಲಿಗೆ ರೇಡಿಯೋ ಹಾಕ್ಕೊಂಡು ಕೂತಿರು. ನಮ್ಮ ಸ್ಟೇಷನ್ನು ನಿಲ್ಲುತ್ತೆ. ರೇಡಿಯೋ ಪೆಟ್ಟಿಗೇನೇ ಸ್ವಲ್ಪ ಸ್ವಲ್ಪ ತಿರುಗಿಸು, ಕೊರಕೊರ ಕಮ್ಮಿ ಆಗೋ ಕಡೆ ಬಿಡು. ಕೇಳಿದ್ದನ್ನೆಲ್ಲ ಬರ್ಕೊ. ನಾನೂ ಅಲ್ಲಿಂದ ಕೇಳ್ತಿರ್ತೀನಿ.”

“ಯಾರು ನಿಲ್ಲಿಸ್ತಾರೆ?”

“ನಾನು.”

ಅವಳು ಅವನನ್ನೇ ನೋಡಿದಳು. ಕೆಲಸ ಹೋದರೆ ಗತಿಯೇನು ಅಂತ ಕೇಳಲಿಲ್ಲ. “ಎರಡು ಪೆನ್ಸಿಲ್ ಕೆತ್ತಿಡ್ತೀನಿ,” ಅಂದಳು.

ಯೋಜನೆ ಹಾಕಿದ್ದೇನೋ ಅಚ್ಚುಕಟ್ಟಾಗಿಯೇ ಹಾಕಿದ್ದ. ಟ್ರಾನ್ಸ್‌ಮಿಟರಿನ ಬೀರುವಿನಂಥ ಕ್ಯಾಬಿನೆಟ್ಟಿಗೆ ಒಂದು ಬಾಗಿಲಿದೆ. ಅದು ಒಂದು ಬೆರಳಷ್ಟು ತೆರೆದಿದ್ದರೂ ಒಳಗಿನ ಹೈವೋಲ್ಟೇಜು ಬರುವುದಿಲ್ಲ. ಒಳಗೆ ಕೈಹಾಕಿದವನು ಸುಟ್ಟು ಕರಕಲಾಗಬಾರದಲ್ಲ, ಅದಕ್ಕೆ. ಬಾಗಿಲು ತೆರೆದಿರುವಷ್ಟು ಹೊತ್ತು ಹಸಿರು ದೀಪವೂ ಹತ್ತುವುದಿಲ್ಲ. ಎಚ್ಚರಿಕೆಯ ಗಂಟೆಯ ಫ್ಯೂಸು ಮೊದಲೇ ಕಿತ್ತಿಟ್ಟ. ಸ್ಟುಡಿಯೋದಿಂದ ಬರುವ ಫೋನಿಗೆ ಉತ್ತರ ಬಾಯಿಪಾಠ ಮಾಡಿಕೊಂಡ. ಮೀಸೆಯವರು ಆ ಹೊತ್ತಿಗೆ ಹಿತ್ತಲ ಶೆಡ್ಡಿನಲ್ಲಿ ಜನರೇಟರ್ ಒರೆಸುತ್ತಿರುತ್ತಾರೆ. ಎಲ್ಲದಕ್ಕೂ ದಾರಿ ನೋಡಿಕೊಂಡ. ತನ್ನ ಕೈಯೊಂದರ ಬಗ್ಗೆ ಮಾತ್ರ ಯೋಚನೆ ಮಾಡಲಿಲ್ಲ. ತನ್ನ ಕೈಯ ಬಗ್ಗೆ ಯಾರಾದರೂ ಯಾಕೆ ಯೋಚನೆ ಮಾಡುತ್ತಾರೆ ಹೇಳಿ?

ಗುರುವಾರ ಆರು ಹದಿನೇಳಕ್ಕೆ, ಮಂತ್ರಿಗಳು ದೇಶದ ಪ್ರಗತಿಯ ಎರಡನೆಯ ಅಂಶಕ್ಕೆ ಬಂದಾಗ, ಅವನು ಕ್ಯಾಬಿನೆಟ್ಟಿನ ಬಾಗಿಲು ಎಳೆದ. ಧಡ್ ಅಂತ ಸದ್ದಾಯಿತು, ಮುಳ್ಳುಗಳೆಲ್ಲ ಸೊನ್ನೆಗೆ ಬಿದ್ದವು. ಹತ್ತು ಸೆಕೆಂಡಾಯಿತು, ಇಪ್ಪತ್ತಾಯಿತು. ಅವನ ಇಪ್ಪತ್ತಾರು ವರ್ಷದ ದಾಖಲೆ ಅಲ್ಲೇ ಮಣ್ಣುಪಾಲಾಯಿತು, ಅವನಿಗದರ ಪರಿವೆಯೇ ಇರಲಿಲ್ಲ. ಫೋನು ಬಂತು. “ವಾಲ್ವ್ ಹೋಗಿದೆ, ಇಪ್ಪತ್ತು ನಿಮಿಷ,” ಅಂದು ಇಟ್ಟ. ಪ್ಯಾನೆಲ್ಲಿನ ಮುಂದಿನ ತನ್ನ ಕುರ್ಚಿಯಲ್ಲಿ ಕೂತು, ಜೇಬಿನ ರೇಡಿಯೋದ ಇಯರ್‌ಫೋನು ಎರಡೂ ಕಿವಿಗೆ ತುರುಕಿಕೊಂಡ. ಎಡಗೈಯಲ್ಲಿ ರೇಡಿಯೋ, ಬಲಗೈಯಲ್ಲಿ ಪೆನ್ಸಿಲು.

ಮೊದಲು ಬರೀ ಸುಯ್ ಅನ್ನುವ ಸದ್ದು. ಅದರೊಳಗಿಂದ ಒಬ್ಬ ಗಂಡಸಿನ ದನಿ ಮೆಲ್ಲಗೆ ಎದ್ದು ಬಂತು. ದಣಿದ ದನಿ. ನಿದ್ದೆಯಿಲ್ಲದೆ ಎಷ್ಟು ದಿನವಾಗಿತ್ತೋ ಪಾಪ, ಒಂದೊಂದು ಹೆಸರಿಗೂ ಉಸಿರೆಳೆದುಕೊಂಡು ಓದುತ್ತಿದ್ದ. ಗೋದಾಮು ಬೀದಿ, ಹನ್ನೊಂದು ಜನ. ಹೆಸರುಗಳು. ಮೀನು ಮಾರುಕಟ್ಟೆ, ನಾಲ್ಕು ಜನ. ಹೆಸರುಗಳು. ದನಿ ಒಮ್ಮೆ ಮುಳುಗುತ್ತಿತ್ತು, ಒಮ್ಮೆ ತೇಲುತ್ತಿತ್ತು. ಅಲ್ಲಿ ಮನೆಯಲ್ಲಿ, ಊಟದ ಮೇಜಿನ ಮುಂದೆ, ಹೆಂಡತಿಯೂ ಇದನ್ನೇ ಕೇಳುತ್ತಿದ್ದಾಳೆ ಅಂತ ನೆನೆದು ಅವನಿಗೆ ಎದೆ ತುಂಬಿ ಬಂತು.

“ಬಂದರು ಆಸ್ಪತ್ರೆ,” ಅಂತು ದನಿ.

ಅವನು ಪೆನ್ಸಿಲನ್ನು ಕಾಗದಕ್ಕೆ ಒತ್ತಿ ಹಿಡಿದ.

“ವೈದ್ಯರು, ಒಬ್ಬರು.” ಒಂದು ಹೆಸರು. “ದಾದಿಯರು, ಮೂವರು.”

ಮೂವರು! ಅಲ್ಲಿ ಒಂಬತ್ತು ಜನ ನರ್ಸುಗಳಿದ್ದರು. ಮಗಳು ಒಬ್ಬೊಬ್ಬರ ಬಗ್ಗೆಯೂ ಬರೆದಿದ್ದಳು, ಯಾರು ಗೊರಕೆ ಹೊಡೆಯುತ್ತಾರೆ, ಯಾರು ಸೋಪು ಕದಿಯುತ್ತಾರೆ ಅಂತ. ಒಂಬತ್ತರಲ್ಲಿ ಮೂವರು.

ಒಂದು ಹೆಸರು ಬಂತು. ಮಗಳದಲ್ಲ. ಬರೆದುಕೊಂಡ.

ಎರಡನೆಯ ಹೆಸರು ಬಂತು. ಅದೂ ಅಲ್ಲ. ಬರೆದುಕೊಂಡ.

ಇದೇ ಹೊತ್ತಿಗೆ, ಸ್ಟೇಷನ್ನು ಸುಮ್ಮನಾಗಿದ್ದು ನೋಡಿ ಗಾಬರಿಯಾದ ಮೀಸೆಯವರು ಹಾಲಿಗೆ ಓಡಿ ಬಂದಿದ್ದರು. ಇಯರ್‌ಫೋನು ಹಾಕಿಕೊಂಡ ಇವನಿಗೆ ಅದು ಗೊತ್ತಾಗಲಿಲ್ಲ. “ಅಯ್ಯೋ, ಬಾಗಿಲೇ ತೆಗೆದಿದೆಯಲ್ರೀ!” ಅಂದರಂತೆ. ಒಳ್ಳೆಯ ಮನುಷ್ಯ. ಸಹಾಯ ಮಾಡೋಣ ಅಂತ ಬಾಗಿಲನ್ನು ಒತ್ತಿ ಮುಚ್ಚಿದರು. ಮಶೀನು ಎಂಟು ಸೆಕೆಂಡು ತನ್ನನ್ನು ಪರೀಕ್ಷೆ ಮಾಡಿಕೊಂಡಿತು. ದ್ವೀಪದಲ್ಲಿ ಆ ದಣಿದ ಗಂಡಸು ಮೂರನೆಯ ಹೆಸರಿಗೆ ಉಸಿರೆಳೆದುಕೊಂಡ. ಪ್ಯಾನೆಲ್ಲಿನ ಮೇಲೆ ಹಸಿರು ದೀಪ ಹತ್ತಿತು.

ಪೆನ್ಸಿಲು ನೆಲಕ್ಕೆ ಬಿತ್ತು. ಬಲಗೈ ಹೋಗಿ ಗುಂಡಿ ಒತ್ತಿತು.

ಮುನ್ನೂರು ಕಿಲೋವ್ಯಾಟು ಅವನ ಎರಡೂ ಕಿವಿಯೊಳಗೆ ಸಿಡಿಯಿತು. ಮಂತ್ರಿಗಳು ಐದನೆಯ ಅಂಶದಲ್ಲಿದ್ದರು. ಏನಾಯಿತು ಅಂತ ತಿಳಿಯದೆ ಅವನು ಇಯರ್‌ಫೋನು ಕಿತ್ತೆಸೆದ, ಎದುರಿಗೆ ನಿಂತು ಹಲ್ಲು ಬಿಡುತ್ತಿದ್ದ ಮೀಸೆಯವರನ್ನು ನೋಡಿದ, ಗುಂಡಿಯ ಮೇಲಿದ್ದ ತನ್ನ ಕೈಯನ್ನು ನೋಡಿದ. ಆಮೇಲೆ ಕಿರುಚಿಕೊಂಡು ಮಶೀನು ನಿಲ್ಲಿಸುವ ಕೆಂಪು ಗುಂಡಿಗೆ ಗುದ್ದಿದ. ಇಯರ್‌ಫೋನು ತಡಕಾಡಿ ಮತ್ತೆ ಕಿವಿಗೆ ಇಟ್ಟುಕೊಂಡಾಗ ದಣಿದ ದನಿ ಹೇಳುತ್ತಿತ್ತು: “ಪ್ರಾಥಮಿಕ ಶಾಲೆ, ಬೆಟ್ಟದ ರಸ್ತೆ. ಇಬ್ಬರು.”

ದೊಡ್ಡ ಸ್ಟೇಷನ್ನು ಮಾತಾಡಿದ್ದು ಹನ್ನೊಂದು ಸೆಕೆಂಡು.

ಮನೆಗೆ ಬಂದಾಗ ಹೆಂಡತಿ ಕೂತಲ್ಲೇ ಕೂತಿದ್ದಳು. ಕಾಗದದ ಮೇಲೆ ಎರಡು ಹೆಸರು, ಕೆಳಗೆ ‘೩’ ಅಂತ ಬರೆದು ಖಾಲಿ ಬಿಟ್ಟಿದ್ದಳು.

“ನೀವು ಕೇಳಿದ್ರಾ?”

“ಇಲ್ಲ.”

“ಅಷ್ಟು ಚೆನ್ನಾಗಿ ಬರ್ತಿತ್ತಲ್ರೀ! ಆ ಹಾಳು ಸ್ಟೇಷನ್ನು ಆಗಲೇ ಯಾಕೆ ಬಾಯಿ ಬಿಡ್ತು? ಯಾರು ಹಾಕಿದ್ದು?”

“ಮಶೀನು,” ಅಂದ ಅವನು. “ತಾನಾಗೇ ಹತ್ಕೊಳ್ತು.”

“ಅದರ ಮನೆ ಹಾಳಾಗ!” ಅಂದು ಅವಳು ಮೇಜಿಗೆ ಹಣೆಯಿಟ್ಟಳು. ಅವಳ ಬೆನ್ನ ಮೇಲೆ ಅವನು ಕೈಯಿಟ್ಟ. ಅದೇ ಕೈ.

ಸಾಹೇಬರು ಕೇಳಿದ ವಿವರಣೆಗೆ ‘ವಾಲ್ವ್ ದೋಷ’ ಅಂತ ಬರೆದುಕೊಟ್ಟ. ಅವರಿಗೆ ಅರ್ಥವಾಯಿತು, ಸಹಿ ಹಾಕಿ ಫೈಲಿನೊಳಗೆ ಸೇರಿಸಿದರು. ಮನೆಯಲ್ಲೊಂದು ಸುಳ್ಳು, ಆಫೀಸಿನಲ್ಲೊಂದು ಸುಳ್ಳು. ಆದರೆ ಆ ರಾತ್ರಿಯೇ ಅವನು ದ್ವೀಪದ ಸ್ಟೇಷನ್ನಿಗೆ ವರದಿ ಬರೆದಿದ್ದ. ಅದರಲ್ಲಿ ಸುಳ್ಳು ಬರೆಯಲು ಅವನಿಂದಾಗಲಿಲ್ಲ. ತರಂಗ, ಸಮಯ, ಸ್ಪಷ್ಟತೆ, ಕೇಳಿದ ಎರಡು ಹೆಸರು. ‘ಅಡಚಣೆ’ ಅನ್ನುವ ಕಡೆ, ‘ಸ್ಥಳೀಯ ಕೇಂದ್ರ, ಹನ್ನೊಂದು ಸೆಕೆಂಡು, ಪಾಳಿಯವನು ತನ್ನ ಕೈಯಾರೆ ಚಾಲೂ ಮಾಡಿದ್ದರಿಂದ.’ ಕೊನೆಗೆ ಒಂದು ಪ್ರಶ್ನೆ: ಆ ಹನ್ನೊಂದು ಸೆಕೆಂಡಿನಲ್ಲಿ ಓದಿದ ಮೂರನೆಯ ದಾದಿಯ ಹೆಸರು ಯಾವುದು, ದಯವಿಟ್ಟು ತಿಳಿಸಿ. ನಾನು ಅವಳ ತಂದೆಯಿರಬಹುದು.

ಆ ದ್ವೀಪಕ್ಕೆ ಅಂಚೆ ಹೋಗುತ್ತಿರಲಿಲ್ಲ. ಆದರೂ ಹಾಕಿದ. ಮೂರನೆಯ ದೇಶದ ಪರಿಹಾರ ಸಂಸ್ಥೆಯೊಂದರ ಮೂಲಕ, ಎರಡು ಲಕೋಟೆಯೊಳಗಿಟ್ಟು ಹಾಕಿದ.

ಶನಿವಾರ ಸಂಜೆ ಕಂಪೌಂಡರ್ ಫೋನು ಮಾಡಿದ. “ಗುರುವಾರದ ಆ ಮೂರನೇ ಹೆಸರು ನನಗೂ ಸಿಗಲಿಲ್ಲ, ನಿನ್ನ ಸ್ಟೇಷನ್ನೇ ಅಡ್ಡ ಬಂತು. ಇವತ್ತು ಆ ದನಿಯೇ ಬರಲಿಲ್ಲ ಕಣಯ್ಯ. ನಿನ್ನೆ ಓದುತ್ತಾ ಓದುತ್ತಾ ಮಧ್ಯದಲ್ಲೇ ನಿಂತ್ಹೋಯ್ತು.” ಭಾನುವಾರವೂ ಬರಲಿಲ್ಲ. ಅದಾದ ಮೇಲೆ ಯಾವತ್ತೂ ಬರಲಿಲ್ಲ.

ಹೆಂಡತಿ ಆ ಎರಡು ಹೆಸರು ಬರೆದ ಕಾಗದವನ್ನು ದೀಪಸ್ತಂಭದ ಕಾರ್ಡಿನ ಪಕ್ಕ ಅಂಟಿಸಿದಳು. ಯಾರೋ ಹೆತ್ತ ಎರಡು ಹೆಣ್ಣುಮಕ್ಕಳ ಹೆಸರು ಈ ಮನೆಯಲ್ಲಿ ಬಾಯಿಪಾಠವಾಯಿತು. ಕೆಲವು ದಿನ, “ಮೂರನೇದು ಅವಳೇ ಕಣ್ರೀ, ನನ್ನ ಕರುಳು ಹೇಳ್ತಿದೆ,” ಅನ್ನುತ್ತಿದ್ದಳು. ಕೆಲವು ದಿನ, “ಬದುಕಿದ್ರೆ ಇಷ್ಟು ಹೊತ್ತಿಗೆ ಒಂದು ಸಾಲು ಬರೀತಿರಲಿಲ್ವಾ?” ಅಂತ ಒಲೆ ಮುಂದೆ ನಿಂತುಬಿಡುತ್ತಿದ್ದಳು, ಪಾತ್ರೆ ಸೀದರೂ ಗೊತ್ತಾಗುತ್ತಿರಲಿಲ್ಲ. ಮಶೀನನ್ನು ಬೈಯುವುದನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ. ಅವನು ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಕೆಲಸದಲ್ಲಿ ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಕೂರುವುದು ಅಭ್ಯಾಸವಾಯಿತು. ಒಂದು ಸಲ ಸಿಡಿಲಿಗೆ ಮಶೀನು ನಿಂತಾಗ ದೀಪ ಹತ್ತಿ ನಲವತ್ತು ಸೆಕೆಂಡಾದರೂ ಅವನು ಅಲ್ಲಾಡಲಿಲ್ಲ. ಮೀಸೆಯವರೇ ಬಂದು ಒತ್ತಬೇಕಾಯಿತು.

ಏಳು ತಿಂಗಳಾದ ಮೇಲೆ ಹೆಡ್ ಆಫೀಸಿನಿಂದ ಆದೇಶ ಬಂತು. ಇಷ್ಟು ಕರೆಂಟು ತಿನ್ನುವ ಈ ಸ್ಟೇಷನ್ನು ಇನ್ನು ಬೇಡ, ಖಾಯಂ ಬಂದ್. ಕೊನೆಯ ದಿನ ಸಾಹೇಬರು, “ಹಿರಿಯರು, ನೀವೇ ಆರಿಸಿ,” ಅಂದರು. ಕೆಂಪು ಗುಂಡಿ ಒತ್ತಿ, ಅವನು ಕ್ಯಾಬಿನೆಟ್ಟಿನ ಬಾಗಿಲು ಪೂರ್ತಿ ತೆರೆದಿಟ್ಟು ಬಂದ. ಯಾರೋ ಚಪ್ಪಾಳೆ ತಟ್ಟಿದರು, ಯಾಕೋ ಏನೋ.

ಆ ಸಂಜೆ ಅವರ ಮನೆಯ ರೇಡಿಯೋದಲ್ಲಿ ಆ ತರಂಗ ತೊಳೆದಿಟ್ಟ ಹಾಗಿತ್ತು. ಅದರಡಿಯಲ್ಲಿ ಎಷ್ಟು ವರ್ಷದಿಂದ ಹೂತುಹೋಗಿದ್ದವೋ, ಎಲ್ಲೆಲ್ಲಿಯದೋ ಸ್ಟೇಷನ್ನುಗಳು ಮೇಲೆದ್ದು ಬಂದವು. ಒಂದು ಕಡೆ ಗೋಧಿಯ ಧಾರಣೆ, ಒಂದು ಕಡೆ ಪಿಟೀಲು, ಒಂದು ಕಡೆ ಯಾರೋ ಬಿದ್ದು ಬಿದ್ದು ನಗುತ್ತಿದ್ದರು. ಕಂಪೌಂಡರ್ ಫೋನಿನಲ್ಲಿ ಕುಣಿದಾಡಿದ: “ಹಬ್ಬ ಕಣಯ್ಯ, ಹಬ್ಬ!” ಆಮೇಲೆ ನಾಲಿಗೆ ಕಚ್ಚಿಕೊಂಡ. ಆರೂ ಇಪ್ಪತ್ತಕ್ಕೆ ಹೆಂಡತಿ ಪೆನ್ಸಿಲು ಹಿಡಿದು ಕೂತಳು. ಬೇಕಾದ ದನಿಯೊಂದು ಬಿಟ್ಟು ಜಗತ್ತಿನ ದನಿಗಳೆಲ್ಲ ಬಂದವು.

ಮುಂದಿನ ತಿಂಗಳು, ಅವನು ಪಿಂಚಣಿ ಕಾಗದದ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬಂದಾಗ, ಹೆಂಡತಿ ಮೇಜಿನ ಮುಂದೆ ಕೂತಿದ್ದಳು. ಮುಂದೆ ಒಂದು ಕಾರ್ಡು. ಅದೇ ದೀಪಸ್ತಂಭ. ಅಂಚೆ ಮುದ್ರೆ ಬೇರೆ ಯಾವುದೋ ದೇಶದ್ದು. ತಪ್ಪಿಸಿಕೊಂಡು ಹೋದವರು ಅಲ್ಲಿ ಒಂದು ಕಚೇರಿ ಮಾಡಿಕೊಂಡಿದ್ದರಂತೆ.

ಅವನು ಬಾಗಿಲಲ್ಲೇ ನಿಂತ. “ಹೆಸರು?”

ಅವಳು ಕಾರ್ಡನ್ನು ಅವನ ಕಡೆ ತಿರುಗಿಸಿದಳು. ಅಚ್ಚು ಹಾಕಿದ ಕಾರ್ಡು. ದಿನಾಂಕ, ಸರಿ. ಸಮಯ, ಸರಿ. ತರಂಗ, ಸರಿ. ಯಾರೋ ಗುಮಾಸ್ತ ಒಂದೊಂದರ ಮುಂದೆಯೂ ಶ್ರದ್ಧೆಯಿಂದ ಗುರುತು ಹಾಕಿದ್ದ. ‘ಅಡಚಣೆ’ ಅನ್ನುವ ಕಡೆ ಅವನ ವರದಿಯ ಸಾಲನ್ನೇ ಟೈಪು ಮಾಡಿದ್ದ. ಕೆಳಗೆ, ‘ನಿಮ್ಮ ವರದಿ ಸರಿಯಾಗಿದೆ. ನಮ್ಮನ್ನು ಕೇಳಿದ್ದಕ್ಕೆ ವಂದನೆಗಳು.’ ಪ್ರಶ್ನೆಗೆ ಕಾರ್ಡಿನಲ್ಲಿ ಜಾಗವಿರಲಿಲ್ಲ. ಹಾಗಾಗಿ ಉತ್ತರವೂ ಇರಲಿಲ್ಲ.

“ಪಾಳಿಯವನು ತನ್ನ ಕೈಯಾರೆ,” ಅಂತ ಅವಳು ಓದಿದಳು. “ಆವತ್ತು ಪಾಳಿ ನಿಮ್ಮದೇ ಅಲ್ವಾ?”

“ನನ್ನದೇ.”

“ಮಶೀನು ಅಂದ್ರಿ.”

“ದೀಪ ಹತ್ತಿತು. ಕೈ ಹೋಯ್ತು. ನಾನು ಕಳಿಸಲಿಲ್ಲ ಕಣೇ, ಆಣೆಗೂ ಕಳಿಸಲಿಲ್ಲ.” ಅವನು ಅಲ್ಲೇ ಬಾಗಿಲ ಚೌಕಟ್ಟಿಗೆ ಒರಗಿ ಅಳತೊಡಗಿದ. ಎಂಟು ತಿಂಗಳಲ್ಲಿ ಮೊದಲನೆ ಸಲ ಅತ್ತ. ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಎಂಟು ತಿಂಗಳು,” ಅಂದಳು. “ದಿನಾ ಎರಡು ಹೊತ್ತು ಆ ಕೈಗೆ ಊಟ ಬಡಿಸಿದೀನಿ.”

ಗೋಡೆಯ ಗಡಿಯಾರದಲ್ಲಿ ಆರೂ ಹದಿನೆಂಟು. ಅವಳು ಎದ್ದು, ಪೆನ್ಸಿಲು ತಂದು, ತನ್ನ ಜಾಗದಲ್ಲಿ ಕೂತಳು. ಹಳೇ ಕಾಗದವನ್ನು ಗೋಡೆಯಿಂದ ಬಿಡಿಸಿ ಮುಂದಿಟ್ಟುಕೊಂಡಳು. ಎರಡು ಹೆಸರು, ಮೂರನೆಯ ಕಡೆ ಖಾಲಿ.

“ಬನ್ನಿ, ಹೊತ್ತಾಯ್ತು. ರೇಡಿಯೋ ಹಾಕಿ.”

ಅವನು ಮುಖ ಒರೆಸಿಕೊಂಡು ಬಂದು ಅವಳ ಪಕ್ಕ ಕೂತ. ರೇಡಿಯೋದ ಗುಂಡಿಗೆ ಕೈ ಚಾಚಿದ.

“ಆ ಕೈಯಲ್ಲಿ ಬೇಡ,” ಅಂದಳು ಅವಳು.